ಬೀಗರಾಗುವವರಿಗೆ ಫೋನು ತೋರಿಸಿದ ಜಾಗ

ನನಗೆ ಹಾವಿನ ಹೆದರಿಕೆ ಇಲ್ಲ, ಕತ್ತಲೆಯದೂ ಅಷ್ಟಾಗಿ ಇಲ್ಲ. ಆದರೆ ಮನೆಗೆ ಬಂದ ನೆಂಟರು ಚಹಾ ಕುಡಿದು ಕಪ್ಪು ಕೆಳಗಿಟ್ಟು, "ಪುಣೆದಾಗ ನೋಡೂದು ಏನೇನ್ ಅದರೀ?" ಎಂದರೆ ಎದೆ ಧಸಕ್ಕೆನ್ನುತ್ತದೆ. ಅರ್ಧ ಆಯುಷ್ಯ ಇಲ್ಲೇ ಕಳೆದರೂ ನಾನು ಬಲ್ಲ ಪುಣೆ ಎಂದರೆ ಹಡಪಸರದ ಮನೆಯಿಂದ ಶಿವಾಜಿನಗರದ ಕಚೇರಿಯವರೆಗೆ ಬಸ್ಸಿನ ಕಿಟಕಿಯಲ್ಲಿ ಕಂಡಷ್ಟು.

ಆ ಸಲ ಹಾಗೆ ಕೇಳಿದವರು ಬರೀ ನೆಂಟರಲ್ಲ. ನನ್ನ ಮಗಳು ವಿದ್ಯಾಳನ್ನು ನೋಡಲು ಮಗನೊಡನೆ ಬೆಳಗಾವಿಯಿಂದ ಬಂದಿದ್ದ ದಂಪತಿ. ಉಪ್ಪಿಟ್ಟು ಮೆಚ್ಚಿದ್ದರು, ಒಪ್ಪಿಗೆಯ ಮಾತು ಮಾತ್ರ ಸಂಜೆಗೆ ಎಂದಿದ್ದರು. ಹುಡುಗನ ತಾಯಿ ಬೆಳಗಿನಿಂದ ನನ್ನನ್ನು 'ಸರ್' ಎಂದೇ ಕರೆಯುತ್ತಿದ್ದರು. ಅದು 'ಬೀಗರ' ಆಗುವತನಕ ನನಗೆ ನೆಮ್ಮದಿ ಇರಲಿಲ್ಲ. ಕೋಟೆಗೆ ಒಯ್ದರೆ ಅವರ ಯಜಮಾನರ ಮೊಣಕಾಲು ನೋವು, ಪೇಟೆಗೆ ಒಯ್ದರೆ ಗದ್ದಲ. ಎಲ್ಲಿ ಏನು ಎಡವಟ್ಟಾಗುತ್ತದೋ ಎಂಬ ಚಿಂತೆ.

ಫೋನುಗಳಿಗೆ ಇನ್ನೂ ಗುಂಡಿಗಳಿದ್ದ ಕಾಲ ಅದು. ಪ್ರವಾಸಿಗರಿಗೆ ಜಾಗ ಸೂಚಿಸುವ ಹೊಸ ಸೇವೆಯೊಂದನ್ನು ಕಚೇರಿಯ ಗೆಳೆಯ ನನ್ನ ಫೋನಿಗೆ ಹಾಕಿಕೊಟ್ಟಿದ್ದ. ಅಡುಗೆಮನೆ ಸೇರಿ ಅದಕ್ಕೇ ಶರಣಾದೆ. ಏರು ಹತ್ತಬಲ್ಲಿರಾ? ಗದ್ದಲ ಬೇಕೇ, ಶಾಂತಿ ಬೇಕೇ? ಹಳೆಯದು ಇಷ್ಟವೋ ಹೊಸದೋ? ಇಷ್ಟು ಕಾಳಜಿಯಿಂದ ನನ್ನನ್ನು ಡಾಕ್ಟರೂ ವಿಚಾರಿಸಿದ್ದಿಲ್ಲ. ಹಿಂದಿನ ಯಾತ್ರಿಕರು ಧರ್ಮಶಾಲೆಯ ಕಟ್ಟೆಯ ಮೇಲೆ ಕೂತವರನ್ನು ಕೇಳುತ್ತಿದ್ದರಂತೆ. ಅಲ್ಲಿ ಮೋಸ ಹೋದರೆ ಬಯ್ಯಲು ಒಂದು ಮುಖವಾದರೂ ಇರುತ್ತಿತ್ತು. ನನ್ನ ಫೋನು ನಾಲ್ಕು ನಕ್ಷತ್ರದ ಜಾಗವೊಂದನ್ನು ಕೊಟ್ಟಿತು: ಮರಗಳ ನೆರಳು, ಹಳೆಯ ಕಲ್ಲಿನ ಕೆತ್ತನೆ, ಪೂರ್ಣ ಶಾಂತಿ. ಹೆಸರು ಉದ್ದವಾಗಿತ್ತು, ಆ ಪುಟ್ಟ ಪರದೆಯಲ್ಲಿ ಅರ್ಧವೇ ಹಿಡಿಸಿತ್ತು.

ರಿಕ್ಷಾ ಇಳಿದಾಗ ಉಳಿದರ್ಧ ಗೇಟಿನ ಮೇಲೆ ಕಂಡಿತು. ಇಂಗ್ಲಿಷರ ಕಾಲದ ಸ್ಮಶಾನ. ಸಾಲು ಸಾಲು ಗೋರಿಗಳು.

"ಲಗ್ನದ ಮಾತಿಗೆ ಬಂದವರನ್ನ ಸುಡುಗಾಡಿಗೆ ಕರಕೊಂಡ ಬಂದ್ರೆಲ್ರೀ!" ಎಂದು ಹೆಂಡತಿ ಕಿವಿಯಲ್ಲಿ ಉಸುರಿದಳು. ಹುಡುಗನ ತಾಯಿ ಸೆರಗನ್ನು ಬಿಗಿಯಾಗಿ ಹೊದ್ದು ನಿಂತಿದ್ದರು. ಎಲ್ಲ ಮುಗಿಯಿತು ಅಂದುಕೊಂಡೆ.

ಆಗ ವಿದ್ಯಾ, "ಇಷ್ಟ ದೂರ ಬಂದೀವಿ, ನೋಡೇ ಬರ್ತೀನಿ" ಎಂದು ಒಳಗೆ ನಡೆದೇಬಿಟ್ಟಳು. ಹುಡುಗ ಹಿಂದೆಯೇ ಹೋದ. ಜೊತೆಗೆ ದೊಡ್ಡವರೊಬ್ಬರು ಹೋಗಬೇಕಾದದ್ದು ರೀತಿ. ಒಳಗೆ ಕಾಲಿಡುವ ಧೈರ್ಯ ಮಾತ್ರ ನಮ್ಮ ನಾಲ್ವರಲ್ಲಿ ಒಬ್ಬರಿಗೂ ಇರಲಿಲ್ಲ. ಕೋಟೆಗೆ ಹೋಗಿದ್ದರೆ ಅವರ ಬೆನ್ನಿಗೇ ಅಂಟಿಕೊಂಡಿರುತ್ತಿದ್ದೆವು. ಇಲ್ಲಿ ಗೇಟಿನ ಕಟ್ಟೆಯ ಮೇಲೆ ಕೂತು, ಮರಗಳ ನಡುವೆ ಕಂಡು ಮರೆಯಾಗುವ ಎರಡು ತಲೆಗಳನ್ನು ನೋಡುತ್ತ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ.

ಬಹಳ ಹೊತ್ತಿಗೆ ಗೇಟಿನ ತನಕ ಬಂದರು.

"ನೋಡಿ ಆತೇನವಾ?" ಎಂದರು ಹುಡುಗನ ತಾಯಿ.

"ಇನ್ನೊಂದೀಟ ಉಳದದ್ರಿ" ಎಂದಳು ವಿದ್ಯಾ. ಇಬ್ಬರೂ ನಗುತ್ತ ಮತ್ತೆ ತಿರುಗಿ ಹೋದರು.

ಆ ತಾಯಿ ಅವರನ್ನೇ ನೋಡಿದರು, ಆಮೇಲೆ ಹೊರಡಲೆಂದು ಎದ್ದು ನಿಂತಿದ್ದ ನನ್ನನ್ನು. "ಕೂಡ್ರಿ ಬೀಗರ, ಭಾಳ ಹೊತ್ತ ಹಿಡೀತದ."

ಅಷ್ಟರಲ್ಲಿ ಕಿಸೆಯಲ್ಲಿ ಫೋನು ಗುಂಯ್ ಎಂದಿತು. ಜಾಗ ಹೇಗಿತ್ತು, ಎಷ್ಟು ನಕ್ಷತ್ರ ಕೊಡುವಿರಿ ಎಂದು ಕೇಳುತ್ತಿತ್ತು. ಹೆದರಿ ಹೊರಗೇ ಕೂತವನು ಏನು ಹೇಳಲಿ? ಒಳಗೆ ಹೋದವರನ್ನು ಕೇಳಿ ಹೇಳಿದರಾಯಿತೆಂದು ಮತ್ತೆ ಕಿಸೆಗೆ ಹಾಕಿದೆ.