ವಕೀಲ್ ಚಾಚಾರ ಖಾಲಿ ಹಾಳೆ

ಶಬಾನಾ ಬೆಳಿಗ್ಗೆ ತಂದಿಟ್ಟ ಫೈಲಿನಿಂದ ಲವಂಗದ ವಾಸನೆ ಬರುತ್ತಿದೆ. ಅವಳ ತಂದೆ, ನಮ್ಮ ವಕೀಲ್ ಚಾಚಾ, ಬೀಡಿ ಬಿಟ್ಟ ಮೇಲೆ ಸದಾ ಲವಂಗ ಕಚ್ಚಿಕೊಂಡಿರುತ್ತಿದ್ದರು. ಸದಾ ಎಂದೆನೇ? ನಾನು ಅವರನ್ನು ಕಂಡದ್ದು ಶನಿವಾರಗಳಲ್ಲಿ ಮಾತ್ರ.

ಧಾರವಾಡದ ಕೋರ್ಟಿನಿಂದ ನಿವೃತ್ತರಾಗಿ ಓಕ್ಲ್ಯಾಂಡಿನ ಮಗಳ ಮನೆಗೆ ಬಂದ ಚಾಚಾ ಕೈಗೆತ್ತಿಕೊಂಡದ್ದು ಹದಿನೇಳನೆಯ ಶತಮಾನದ ಒಬ್ಬ ಇಂಗ್ಲಿಷ್ ವಕೀಲನ ಜೀವನಚರಿತ್ರೆ. ಪಾರ್ಲಿಮೆಂಟಿನಲ್ಲಿ ದೊರೆಯ ವಿರುದ್ಧ ಮಾತಾಡಿ ಸೆರೆಮನೆ ಸೇರಿದವನು. "ನನ್ನ ಕಕ್ಷಿದಾರ ಸತ್ತು ಮುನ್ನೂರು ವರ್ಷದ ಮ್ಯಾಲಾತು, ಅವಸರ ಮಾಡಂಗಿಲ್ಲ" ಎನ್ನುತ್ತಿದ್ದರು. ನಾನು ಸರಟೋಗಾದ ನನ್ನ ಮನೆಯಿಂದ ಕಾರಿನಲ್ಲಿ ಹೋಗಿ ಅವರು ಬರೆದದ್ದನ್ನು ಟೈಪು ಮಾಡಿಕೊಡುತ್ತಿದ್ದೆ.

ಅವರದೊಂದು ಕ್ರಮವಿತ್ತು. ದಾಖಲೆ ಸಿಗದ ಪ್ರತಿ ವರ್ಷಕ್ಕೂ ಒಂದು ಖಾಲಿ ಹಾಳೆ. ಸೆರೆಮನೆಯ ವರ್ಷಗಳಿಗೆ ಅಂಥವು ಮೂರು. ನನಗೆ ಆ ಬಿಳುಪು ತಡೆಯಲಾಗಲಿಲ್ಲ. ನೀವಾದರೂ ಇನ್ನೇನು ಮಾಡುತ್ತಿದ್ದಿರಿ? ಅವುಗಳಲ್ಲೊಂದರ ಮೇಲೆ ಒಂದು ಸಾಲು ಸೇರಿಸಿದೆ: ಹೆಂಡತಿ ವಾರವಾರವೂ ಬಂದು ಅವನನ್ನು ನೋಡಿ ಹೋಗುತ್ತಿದ್ದಳು.

ಚಾಚಾ ಕನ್ನಡಕ ತೆಗೆದರು. "ಈಕಿ ಬಂದದ್ದು ನೀ ನೋಡೀಯೇನವಾ?"

"ಬಂದೇ ಇರ್ತಾಳೆ ಬಿಡಿ ಚಾಚಾ, ಹೆಂಡ್ತಿ ಅಲ್ವಾ?"

"ಬಂದಿರಲಿಕ್ಕಿಲ್ಲ. ಸಿಟ್ಟಿರಬಹುದು, ಅಂಜಿಕಿ ಇರಬಹುದು. ಅದನ್ನೂ ಆಕೀ ಕಡಿಂದ ಕಸಕೊಂಡ್ಯಲ್ಲ."

ಕಾಗದಗಳನ್ನು ಕಟ್ಟಿಟ್ಟರು. ಮುಂದಿನ ಶನಿವಾರ ನಾನು ಹೋಗಲಿಲ್ಲ. ಅವರೇ ಬೇಡವೆಂದರೋ, ನನಗೇ ಮುನಿಸೋ. ಎರಡೂ ನೆನಪಿವೆ, ಯಾವುದು ಆಮೇಲೆ ಹುಟ್ಟಿದ್ದೋ ತಿಳಿಯದು. ಬಳಿಕ ಅವರು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರು. ಮೀಟಿಂಗು, ಫ್ರೀವೇ ಟ್ರಾಫಿಕ್ಕು ಎಂದೆಲ್ಲ ಶಬಾನಾಗೆ ನೆವ ಹೇಳಿದೆ. ಆಸ್ಪತ್ರೆ ನನ್ನ ಆಫೀಸಿನಿಂದ ಅರ್ಧ ಗಂಟೆ ದೂರವೂ ಇರಲಿಲ್ಲ.

ನಾಳೆ ಸ್ಮರಣೆಯ ಸಭೆ. "ಅಬ್ಬಾ ಬಗ್ಗೆ ಎರಡು ಪೇಜು ನೀನೇ ಓದ್ಬೇಕು ಕಣೇ" ಎಂದಳು ಶಬಾನಾ. "ಕೊನೇಲಿ ಹಾಸ್ಪಿಟಲ್‌ಗೆ ಬರ್ತಾ ಇದ್ದೆ ಅಂತ ಸೇರ್ಸ್ಬಿಡು. ಯಾರು ಕೇಳ್ತಾರೆ? ಎಲ್ರಿಗೂ ಸಮಾಧಾನ." ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅವಳು ಹೋದ ಮೇಲೆ ಫೈಲು ಬಿಚ್ಚಿದೆ. ಒಳಗೆ ಅದೇ ಜೀವನಚರಿತ್ರೆ. ನನ್ನ ಸಾಲಿದ್ದ ಹಾಳೆ ಇರಲಿಲ್ಲ. ಅದರ ಜಾಗದಲ್ಲಿ ಖಾಲಿ ಹಾಳೆ. ಅಂಚಿನಲ್ಲಿ ಚಾಚಾರ ಲವಂಗ ಮುಟ್ಟಿದ ಬೆರಳಿನ ಕಂದು ಗುರುತು.

ನಾಳೆ ಓದುವುದನ್ನು ಆ ಕೊನೆಯ ಶನಿವಾರದವರೆಗೆ ಬರೆದಿದ್ದೇನೆ. ಅದರ ಕೆಳಗೆ ಆಸ್ಪತ್ರೆಯ ಎರಡು ತಿಂಗಳಿಗೆ ಎರಡು ಖಾಲಿ ಹಾಳೆ ಸೇರಿಸಿದೆ. ಆಮೇಲೆ ಅವನ್ನು ತೆಗೆದೆ. ಅಲ್ಲಿ ಸಾಕ್ಷಿ ಇದೆಯಲ್ಲ, ನಾನೇ. ಪೆನ್ನು ತೆಗೆದುಕೊಂಡು ಬರೆದೆ: ನಾನು ಹೋಗಲಿಲ್ಲ.