ಸಾವಕ್ಕನ ಕಡ್ಡಿಪೆಟ್ಟಿಗೆ

ಬನಹಟ್ಟಿಯಲ್ಲಿ ಸೀರೆ ಅಂಗಡಿ ಇಟ್ಟಿರುವ ಸಾವಕ್ಕ ಕಲಿತದ್ದು ನಾಲ್ಕನೇ ಇಯತ್ತೆ, ಆದರೂ ಡಿಗ್ರಿ ಪಡೆದವರು ಅವರೆದುರು ಫೋನ್ ತೆಗೆಯಲು ಅಂಜುತ್ತಾರೆ. ರೇಷ್ಮೆ ಎಂದು ಯಾರೇ ಸೀರೆ ತಂದರೂ ಸೆರಗಿನ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು ಮೂಸುತ್ತಾರೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಪ್ಲಾಸ್ಟಿಕ್ಕಿನಂತೆ ಕರಗಿ ಗಂಟಾದರೆ ತಂದವನಿಗೆ ದೊಡ್ಡ ನಮಸ್ಕಾರ. ವಾಟ್ಸಾಪಿಗೂ ಅದೇ ನ್ಯಾಯ. ವಿಜ್ಞಾನ ಕಲಿಸುವ ಸಿದ್ದಾರೂಢ ಮಾಸ್ತರರು ಫೋನ್ ನೋಡಿ, ಸಕ್ಕರೆ ಕಾರ್ಖಾನೆಯ ಹೊಗೆ ಕುಡಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದಂತೆ ಎಂದು ಓದಿದರೆ, "ಅಂಚಿನ ದಡಿ ಛಲೋ ಐತ್ರೀ ಸರ, ನೇಯ್ದಾಂವ ಯಾರ್ರೀ?" ಎನ್ನುತ್ತಾರೆ. "ನಮ್ಮ ಸಾಲಿ ಗ್ರೂಪಿನಾಗ ಎಲ್ಲಾರೂ ಕಳಿಸ್ಯಾರ್ರಿ." "ಅವರು ದಲಾಲರ್ರೀ, ನಾ ನೇಕಾರನ್ನ ಕೇಳಾಕತ್ತೇನಿ." ಮಾಸ್ತರರು ಈಗ ಏನನ್ನಾದರೂ ಫಾರ್ವರ್ಡ್ ಮಾಡುವುದಿದ್ದರೆ ಈ ಅಂಗಡಿಯ ದಾರಿ ಬಿಟ್ಟು ಸುತ್ತುಹಾಕಿ ಹೋಗುತ್ತಾರೆ. ತಮ್ಮ ಮಾಲಿಗೂ ಸಾವಕ್ಕ ವಿನಾಯಿತಿ ಕೊಡುವವರಲ್ಲ. ಹೊಗಳುವ ಮೊದಲು ಗಿರಾಕಿಯ ಕೈಗೆ ಕಡ್ಡಿಪೆಟ್ಟಿಗೆ ಇಡುತ್ತಾರೆ. ಸುಡದೆ ಉಳಿದದ್ದು ಟ್ರಂಕಿನಲ್ಲಿರುವ ಅವರ ಮದುವೆಯ ಸೀರೆಯೊಂದೇ. ಬೀಳಗಿಯಲ್ಲಿ ಕಬ್ಬು ಕಡಿಯುತ್ತಿದ್ದ ತಾಯಿ ರೇಷ್ಮೆಯೆಂದು ಉಡಿಸಿದ್ದು. "ಇದನ್ಯಾಕ ಬಿಟ್ರಿ?" ಎಂದು ಒಮ್ಮೆ ನಾನು ಕೇಳಿದೆ. ಸಾವಕ್ಕ ಕಡ್ಡಿಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನನಗ ಮುಟ್ಟಿದ್ರ ಗೊತ್ತಾಗತೈತ್ರೀ," ಎಂದರು. "ಅವ್ವಗ ಗೊತ್ತಿರ್ಲಿಲ್ಲ."