ಐಲಾಳ ಹೊಟ್ಟೆಕಿಚ್ಚು, ಓಸ್ಮೊನ ಏಪ್ರಿಲ್

ಐಲಾಗೆ ಹೊಟ್ಟೆಕಿಚ್ಚು ಜಾಸ್ತಿ ಎಂಬುದು ಕುವೋಪಿಯೊ ಎಂಬ ಊರಿನ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಅವಳು ಅದನ್ನು ಮುಚ್ಚಿಡುವವಳೂ ಅಲ್ಲ. ಯಾರಾದರೂ ಹೊಸ ಸ್ವೆಟರ್ ತೊಟ್ಟು ಬಂದರೆ ತೋಳು ತಿರುಗಿಸಿ ಹೊಲಿಗೆ ನೋಡುತ್ತಾಳೆ. ಮನೆಯಿಂದ ಏಲಕ್ಕಿ ಬನ್ ಮಾಡಿ ತಂದರೆ ಒಂದನ್ನು ಮುರಿದು, ಒಳಗೆ ಹಸಿಯಿದೆಯೇ ಎಂದು ಬೆರಳಿಟ್ಟು ನೋಡಿ, ಹಸಿಯಿಲ್ಲದಿದ್ದರೆ ಬೇಸರದಿಂದ ತಿನ್ನುತ್ತಾಳೆ. ಇಷ್ಟೆಲ್ಲ ಹೇಳುವ ನಾನೇನೂ ಸಾಚಾ ಅಲ್ಲ. ಸರೋವರದ ದಂಡೆಯಲ್ಲಿ ಸೌದೆ ಉರಿಸಿ ಬೆವರಿಳಿಸುವ ಸ್ನಾನದ ಮನೆ, ಅವಳದೇ ಒಂದು ಸೌನಾ ಇದೆ, ನನಗಿಲ್ಲ. ಅದರ ಹೊಗೆ ಕಂಡರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮದು ಮಂಜುಗಡ್ಡೆಯ ಕೆಲಸ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದ ಮೇಲೆ ಜನ ಅದರ ಮೇಲೆಯೇ ಕಾರು ಓಡಿಸುತ್ತಾರೆ. ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಡ್ರೋನ್ ತೆಗೆದ ಚಿತ್ರ ನೋಡಿ ಕಂಪ್ಯೂಟರ್ ಹೇಳಬೇಕು. ಹಾಗೆ ಹೇಳಲು ಅದಕ್ಕೆ ಸಾವಿರಾರು ಚಿತ್ರ ತೋರಿಸಿ ಕಲಿಸುತ್ತೇವೆ. ಕಲಿತದ್ದಕ್ಕೆ ಮಾಡೆಲ್ ಎನ್ನುತ್ತೇವೆ. ತೋರಿಸಿದ್ದನ್ನು ಬಾಯಿಪಾಠ ಒಪ್ಪಿಸಿದರೆ ಏನೂ ಕಲಿತಂತಲ್ಲ. ಎಂದೂ ಕಾಣದ ಸರೋವರದ ಮುಂದೆ ನಿಲ್ಲಿಸಿದರೂ ಅದು ದಾರಿ ತಪ್ಪಬಾರದು. ಕೊನೆಗೆ ಹಳ್ಳಿಯವರ ಫೋನಿನಲ್ಲಿ ಗಟ್ಟಿಗೆ ಹಸಿರು, ಟೊಳ್ಳಿಗೆ ಕೆಂಪು ಬಣ್ಣ ಮೂಡುತ್ತದಲ್ಲ, ಆ ಬಣ್ಣದ ಪರದೆ ಮಾತ್ರ ನನ್ನದು.

ಮೊದಲ ಮಾಡೆಲ್ ಮಾಡಿದವನು ಓಸ್ಮೊ. ಹಳೆಯ ಕಂದು ಕಾರ್ಡಿಗನ್ನಿನ, ಯಾರ ಮೇಲೂ ದನಿ ಏರಿಸದ, ಎಲ್ಲರಿಗೂ ಬೇಕಾದ ಮನುಷ್ಯ. ಅಂಥವರನ್ನು ಕಂಡರೆ ಐಲಾಗೆ ಆಗುವುದಿಲ್ಲ. ಕಾಫಿಯ ಹೊತ್ತಿಗೆ ನಮ್ಮ ಯಜಮಾನರು ಎದ್ದು ನಿಂತು, ಓಸ್ಮೊನ ಮಾಡೆಲ್ ಹೆಚ್ಚುಕಡಿಮೆ ತಪ್ಪೇ ಮಾಡುತ್ತಿಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಐಲಾ ಮಾತ್ರ ಕೈ ಕಟ್ಟಿ ಕೂತಿದ್ದಳು.

"ಚೆನ್ನಾಗಿದೆ," ಅಂದಳು.

ಆ 'ಚೆನ್ನಾಗಿದೆ' ಕೇಳಿ ಓಸ್ಮೊ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

ಆ ವಾರವಿಡೀ ಅವಳು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಎರಡು ಚಿತ್ರ ಹಿಡಿದು ಕಾಫಿ ಮೇಜಿಗೆ ಬಂದಳು. ನಮ್ಮ ಕಡೆ ಗಟ್ಟಿಯಾದ ಜಾಗವನ್ನು ಕೊರೆದು ಅಳೆದವರು ದಾರಿಯುದ್ದಕ್ಕೂ ಗುರುತಿಗೆ ಸ್ಪ್ರೂಸ್ ಮರದ ಕೊಂಬೆ ನೆಟ್ಟು ಹೋಗುತ್ತಾರೆ. ಐಲಾ ಒಂದು ಚಿತ್ರದಿಂದ ಆ ಕೊಂಬೆಗಳನ್ನು ಅಳಿಸಿದ್ದಳು; ಅಷ್ಟಕ್ಕೇ ಕಲ್ಲಿನಂಥ ಮಂಜುಗಡ್ಡೆಯನ್ನು ಮಾಡೆಲ್ ಅಪಾಯ ಎಂದಿತ್ತು. ಇನ್ನೊಂದರಲ್ಲಿ ಹರಿಯುವ ನೀರಿನ ಮೇಲೆಯೇ ಒಂದು ಕೊಂಬೆ ಅಂಟಿಸಿದ್ದಳು. ಅದಕ್ಕೆ ಹಸಿರು ಬಂದಿತ್ತು.

"ನಿನ್ ಮಾಡೆಲ್ ಗಡ್ಡೆ ನೋಡ್ತಾನೇ ಇಲ್ಲ ಓಸ್ಮೊ. ಕೊಂಬೆ ನೋಡ್ತಿದೆ," ಅಂದಳು ಐಲಾ. "ಆಚೆ ಊರಲ್ಲಿ ಮೀನಿನ ಬಲೆಗೆ ತೂತು ಕೊರೆದು, ಯಾರೂ ಬೀಳ್ದೇ ಇರ್ಲಿ ಅಂತ ಸುತ್ತ ಇದೇ ಕೊಂಬೆ ನೆಡ್ತಾರೆ. ಅಲ್ಲಿಗೆ ಹೋದ್ರೆ ನಿನ್ ಮಾಡೆಲ್ ಜನಾನ ಸೀದಾ ತೂತಿಗೇ ಕಳಿಸುತ್ತೆ."

"ಎಷ್ಟು ಖುಷಿಯಾಗಿ ಹೇಳ್ತೀಯ ನೋಡು," ಅಂದ ಓಸ್ಮೊ.

"ಖುಷಿ ಆಗ್ದೆ ಇನ್ನೇನು. ಒಂದು ವಾರದಿಂದ ಊಟ ಸೇರಿಲ್ಲ ನಂಗೆ."

ಅಲ್ಲಿಂದ ಇದೇ ಆಯಿತು. ಅವನು ಸರಿಪಡಿಸುವುದು, ಇವಳು ಕೆಡಿಸುವುದು. ಮಂಜು ಕವಿದ ಚಿತ್ರ, ನೆರಳು ಉದ್ದವಾದ ಚಿತ್ರ, ಕ್ಯಾಮೆರಾಕ್ಕೆ ಹನಿ ಅಂಟಿದ ಚಿತ್ರ, ಹೀಗೆ ಹುಡುಕಿ ಹುಡುಕಿ ತರುತ್ತಿದ್ದಳು. ಮಾಡೆಲ್ ಎಡವುತ್ತಿತ್ತು, ಮತ್ತೆ ಕಲಿಯುತ್ತಿತ್ತು. ಇದರ ರುಚಿ ಹತ್ತಿದ ಯಜಮಾನರು ಬೇಕೆಂದೇ ಐಲಾಳ ಎದುರು ಓಸ್ಮೊನನ್ನು ಹೊಗಳಲು ಶುರುಮಾಡಿದರು. ನನ್ನನ್ನು ಹೊಗಳಿದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಆಮೇಲೆ ಓಸ್ಮೊನನ್ನು ಬೇರೆ ಕೆಲಸಕ್ಕೆ ಹಾಕಿ, ಹೊಸ ಮಾಡೆಲನ್ನು ಐಲಾಗೇ ಒಪ್ಪಿಸಿದರು. ಅದನ್ನು ಕೊಳ್ಳುತ್ತಿದ್ದುದು ಒಂದು ದ್ವೀಪದ ಹಳ್ಳಿ. ಅಲ್ಲಿನ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಟ್ಯಾಕ್ಸಿ ಗಡ್ಡೆಯ ಮೇಲೆಯೇ ಓಡುತ್ತದೆ. ಐಲಾ ಹಟ ಹಿಡಿದು ದುಡಿದಳು. ಜನವರಿಯ ಹೊತ್ತಿಗೆ ಮಾಡೆಲ್ ಸಿದ್ಧವಾಯಿತು, ಯಾವ ಪರೀಕ್ಷೆಯಲ್ಲೂ ಸೋಲಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು, ಓಸ್ಮೊ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಐಲಾ ಅರಳಬೇಕಿತ್ತು. ಬದಲಿಗೆ ಮುಖ ಇಳಿಬಿಟ್ಟುಕೊಂಡು ನನ್ನ ಮೇಜಿನ ಹತ್ತಿರ ಬಂದಳು.

"ಯಾರೂ ಕೆಡಿಸ್ತಾನೇ ಇಲ್ವಲ್ಲೇ ಇದನ್ನ. ಎಲ್ಲಾ ಚೆನ್ನಾಗಿದೆ ಚೆನ್ನಾಗಿದೆ ಅಂತಾರೆ."

"ಚೆನ್ನಾಗಿರಬಹುದು ಮಾರಾಯ್ತಿ."

"ನಂಗೆ ನನ್ ತಪ್ಪು ಕಾಣಲ್ಲ ಕಣೇ. ಬೇರೆಯವ್ರದ್ದು ಮಾತ್ರ ಕಾಣೋದು. ನಿಂಗೆ ನನ್ ಕಂಡ್ರೆ ಹೊಟ್ಟೆಕಿಚ್ಚಿಲ್ವಾ?"

"ನಿನ್ ಸೌನಾ ಕಂಡ್ರೆ ಇದೆ. ಮಾಡೆಲ್ ನಂಗೆ ಅರ್ಥ ಆಗಲ್ಲ."

ಅವಳು ನೇರವಾಗಿ ಓಸ್ಮೊನ ಹತ್ತಿರ ಹೋದಳು. ನಾನೂ ಹಿಂದೆಯೇ ಹೋದೆ. ಅಂಥದ್ದನ್ನೆಲ್ಲ ಬಿಟ್ಟುಬಿಡುವವಳಲ್ಲ ನಾನು.

"ಒಂಚೂರು ಉರ್ಕೊಂಡು ಇದನ್ನ ನೋಡು," ಅಂದಳು ಐಲಾ. "ಅಲ್ಲಿ ಮಕ್ಕಳು ಓಡಾಡ್ತಾರೆ."

"ನಂಗ್ಯಾಕೆ ಉರಿ," ಅಂದ ಓಸ್ಮೊ. "ನೀನು ಮಾಡಿದ್ದು ನೋಡಿ ಸಂತೋಷವೇ ಆಯ್ತು ಐಲಾ."

ಹೊರಗೆ ಬಂದವಳ ಕಣ್ಣಲ್ಲಿ ನೀರಿತ್ತು. "ನೋಡ್ದಾ? ಒಳ್ಳೇತನದಲ್ಲೂ ನನ್ನೇ ಮೀರಿಸ್ತಾನೆ," ಎಂದು ಹಲ್ಲು ಕಚ್ಚಿದಳು. ಅವಳ ಬಾಳಿನಲ್ಲಿ ಒಬ್ಬರೂ ಅವಳನ್ನು ಕಂಡು ಕರುಬಿದ್ದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಪಾಪ ಅನ್ನಿಸಿತು. ಸೌನಾ ನೆನಪಾಗಿ ಅದೂ ಹೋಯಿತು.

ಹಳ್ಳಿಯವರಿಗೆ ಮಾಡೆಲ್ ಒಪ್ಪಿಸಲು ಒಂದೇ ದಿನ ಉಳಿದಿತ್ತು. ಓಸ್ಮೊ ಲ್ಯಾಪ್‌ಟಾಪ್ ಹಿಡಿದು ನಮ್ಮ ಕೋಣೆಗೆ ಬಂದ. ಗಡ್ಡ ಬೋಳಿಸಿರಲಿಲ್ಲ. ಲ್ಯಾಪ್‌ಟಾಪನ್ನು ಐಲಾಳ ಮುಂದಿಟ್ಟು ಒಂದು ಚಿತ್ರ ತೆರೆದ. ಕಪ್ಪಗೆ ನುಣುಪಾದ ಗಡ್ಡೆ, ಮೇಲೆ ಐಲಾಳ ಮಾಡೆಲ್ ಬಳಿದ ಹಸಿರು.

"ಸರಿಯಾಗೇ ಇದೆಯಲ್ಲ," ಅಂದಳು ಐಲಾ. "ಕಪ್ಪು ಗಡ್ಡೆ ಗಟ್ಟಿ."

"ಡಿಸೆಂಬರಲ್ಲಿ ಗಟ್ಟಿ. ಇದು ಏಪ್ರಿಲಿಂದು. ಒಳಗೆಲ್ಲ ಕರಗಿ ಕೊಳೆತು ಕಪ್ಪಾಗಿರೋದು. ಈ ಚಿತ್ರ ತೆಗೆದ ಮಧ್ಯಾಹ್ನ ಇದರ ಮೇಲೆ ನಾಯಿ ಕೂಡ ನಿಲ್ತಿರ್ಲಿಲ್ಲ."

ಐಲಾ ಚಿತ್ರವನ್ನೇ ನೋಡುತ್ತ ಕೂತಳು. "ನನ್ ಮಾಡೆಲ್ ಏಪ್ರಿಲ್ ನೋಡೇ ಇಲ್ಲ."

"ಹೇಗೆ ನೋಡುತ್ತೆ? ಏಪ್ರಿಲ್ ಚಿತ್ರ ಎಲ್ಲಾ ನಾನು ತೆಗೆದಿದ್ದು. ನನ್ ಹೆಸ್ರಿದ್ದ ಒಂದನ್ನೂ ನೀನು ಒಳಗೆ ಬಿಟ್ಟಿಲ್ಲ."

ಅವಳು ಕೆಂಪಾದಳು. ಅವನ ಚಿತ್ರದಿಂದ ಕಲಿತರೆ ಅರ್ಧ ಹೆಸರು ಅವನಿಗೆ ಹೋದೀತೆಂದು ಅವುಗಳನ್ನೆಲ್ಲ ಅವಳೇ ಆರಿಸಿ ಆಚೆ ಹಾಕಿದ್ದಳು.

"ಸಂತೋಷ ಆಯ್ತು ಅಂದ್ಯಲ್ಲ ನೀನು. ಮತ್ಯಾಕೆ ಕೂತು ಹುಡುಕಿದೆ?"

ಓಸ್ಮೊ ಕಾರ್ಡಿಗನ್ನಿನ ಗುಂಡಿ ತಿರುವಿದ. "ಸುಳ್ಳು ಹೇಳ್ದೆ. ಅವ್ರೆಲ್ಲ ನಿಂಗೆ ಚಪ್ಪಾಳೆ ತಟ್ಟಿದ ದಿನದಿಂದ ನಂಗೂ ಊಟ ಸೇರಿಲ್ಲ. ನಂದಾಗಬೇಕಿತ್ತು ಅದು. ಎಲ್ಲಾದ್ರೂ ಮುರಿಯುತ್ತಾ, ಎಲ್ಲಾದ್ರೂ ಮುರಿಯುತ್ತಾ ಅಂತ ಹುಡುಕ್ತಾನೇ ಇದ್ದೆ."

"ನಿಜವಾಗ್ಲೂ?"

"ಸತ್ತೇ ಹೋಗ್ತಿದ್ದೆ ಕಣೇ."

ಐಲಾಳ ಮುಖ ಅಷ್ಟು ಬೆಳಗಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಎದ್ದು ಯಜಮಾನರ ಕೋಣೆಗೆ ಹೋಗಿ, ನಾಳೆ ಒಪ್ಪಿಸುವುದಿಲ್ಲ, ತಪ್ಪು ತನ್ನದು, ಓಸ್ಮೊ ಹಿಡಿದ ಎಂದು ತಾನೇ ಹೇಳಿ ಬಂದಳು. ಆಮೇಲೆ ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ನಿನ್ ಏಪ್ರಿಲ್ ಎಲ್ಲಾ ಕೊಡು ಇಲ್ಲಿ" ಎಂದಳು. ಅವತ್ತಿನಿಂದ ಇಬ್ಬರೂ ಒಂದೇ ಪರದೆಗೆ ತಲೆಯಿಟ್ಟು, ಒಬ್ಬರ ಕೆಲಸವನ್ನು ಒಬ್ಬರು ಬೈಯುತ್ತ ಕೂರುತ್ತಾರೆ. ತಡವಾಗಿ ಹೋದರೂ ಮಾಡೆಲ್ ಆ ಏಪ್ರಿಲ್‌ನಲ್ಲಿ, ಹಳ್ಳಿಯವರಿಗೆ ಇನ್ನೂ ಗಟ್ಟಿ ಎಂದು ಕಾಣುತ್ತಿದ್ದ ದಾರಿಗೆ ಕೆಂಪು ಹಾಕಿತು, ಟ್ಯಾಕ್ಸಿ ನಿಂತಿತು. ಕೆಲವೇ ದಿನಗಳಲ್ಲಿ ಅಲ್ಲಿ ನೀರಿತ್ತು.

ಕಾಫಿ ಮೇಜಿನಲ್ಲಿ ಅದು ತನ್ನ ಚಿತ್ರದಿಂದ ಎಂದು ಓಸ್ಮೊ, ತನ್ನ ಮಾಡೆಲಿನಿಂದ ಎಂದು ಐಲಾ ಇವತ್ತಿಗೂ ಕಚ್ಚಾಡುತ್ತಾರೆ. ನಾನು ಬನ್ ತಿನ್ನುತ್ತ ಕೇಳುತ್ತೇನೆ. ಪರದೆಯ ಮೇಲಿನ ಆ ಕೆಂಪು ನನ್ನದು. ಅದನ್ನು ಕೆಡಿಸಿ ನೋಡೋಣ ಎಂದು ಇದುವರೆಗೆ ಯಾರೂ ನನ್ನ ಮೇಜಿಗೆ ಬಂದಿಲ್ಲ.